ಗಂಜಿ ಅಕ್ಕನೂ ಹುಬ್ಬಿನ ಮೇಷ್ಟ್ರೂ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವೊಂದಿದೆ ಎಂಬುದು ಮೇಲಿನ ಮಹಡಿಗಳವರಿಗೆ ನೆನಪಾಗುವುದು ಹಾಸಲು ಚಾದರ ಸಿಗದ ದಿನ ಮಾತ್ರ. ಮಿಕ್ಕ ದಿನಗಳಲ್ಲಿ ಅದು ಹೊಟ್ಟೆಯೊಳಗಿನ ಕರುಳಿನ ಹಾಗೆ ತನ್ನ ಪಾಡಿಗೆ ತಾನು ಕೆಲಸ ಮಾಡಿಕೊಂಡಿರಬೇಕು, ನಾಲ್ಕು ಜನರ ಮುಂದೆ ಅದರ ಮಾತು ಬರಬಾರದು. ಆ ವಿಭಾಗದ ಮೇಲ್ವಿಚಾರಕಿಯೇ ನಮ್ಮ ಗಂಜಿ ಅಕ್ಕ. ಹಿಂದೊಮ್ಮೆ ದೊಡ್ಡ ಡಾಕ್ಟರ ಎದುರಿಗೇ, "ಗಂಜಿ ಹಾಕದ ಕೋಟು ತೊಟ್ಕೊಂಡ್ರೆ ಡಾಕ್ಟ್ರು ಈಗ ತಾನೇ ನಿದ್ದೆಯಿಂದ ಎದ್ದು ಬಂದ ಹಾಗೆ ಕಾಣ್ತಾರೆ" ಎಂದುಬಿಟ್ಟಿದ್ದಳು. ಅಂದಿನಿಂದ ಕೋಟುಗಳಿಗೆ ಗಂಜಿ ಬಂತು, ಅವಳಿಗೆ ಈ ಹೆಸರು ಬಂತು. ಹೆಸರು ಸ್ವಭಾವಕ್ಕೂ ಒಪ್ಪುತ್ತಿತ್ತು. ನಿಂತರೆ ನೆಟ್ಟಗೆ, ಮಾತಾಡಿದರೆ ಖಡಕ್ಕಾಗಿ, ಒಮ್ಮೆ ಹೇಳಿದ್ದನ್ನು ಬದಲಿಸುವ ಪೈಕಿಯೇ ಅಲ್ಲ.

ಅವಳು ಮೇಲ್ವಿಚಾರಕಿಯಾದದ್ದು ಒಂದು ಗಂಟಿನಿಂದ. ರೋಗಿಗಳಿಗೆ ತೊಡಿಸುವ ಗೌನಿಗೆ ಬೆನ್ನ ಕಡೆ ಲಾಡಿಗಳಿರುತ್ತವೆ. ನೂರಾರು ಗೌನು ಒಂದೇ ಮಿಶಿನ್ನಿನಲ್ಲಿ ಸುತ್ತಿದರೆ ಆ ಲಾಡಿಗಳು ಒಂದಕ್ಕೊಂದು ಹೊಸೆದುಕೊಂಡು, ಹೊರಗೆ ಬರುವಾಗ ಎಲ್ಲ ಸೇರಿ ಒಂದೇ ದೊಡ್ಡ ಉಂಡೆ. ಅದನ್ನು ಬಿಡಿಸುವಷ್ಟರಲ್ಲಿ ಅರ್ಧ ದಿನ ಹಾಳು. ಆಗ ಗಂಜಿ ಅಕ್ಕ ಒಂದು ಉಪಾಯ ಹೇಳಿದಳು. ಒಗೆಯಲು ಹಾಕುವ ಮೊದಲೇ ಪ್ರತಿ ಗೌನಿನ ಲಾಡಿಗಳನ್ನು ಅದರದರಲ್ಲೇ ಗಂಟು ಹಾಕಿಬಿಡುವುದು. ಲಾಡಿ ಗಂಟಾದ ಮೇಲೆ ಪಕ್ಕದವರ ತಂಟೆಗೆ ಎಲ್ಲಿ ಹೋಗುತ್ತದೆ? ಉಂಡೆ ಮಾಯವಾಯಿತು. ಆಡಳಿತಾಧಿಕಾರಿಗಳು ಭೇಷ್ ಎಂದರು, ಅವಳ ಫೋಟೋ ತೆಗೆಸಿ "ಗಂಟಿನ ನಿಯಮ ರೂಪಿಸಿದವರು" ಎಂದು ಬರೆಸಿ ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸಿದರು. ಹಳೆಯ ಮೇಲ್ವಿಚಾರಕ ನಿವೃತ್ತನಾದ ಕೂಡಲೇ ಗಾಜಿನ ಕೋಣೆಯೂ ಕುರ್ಚಿಯೂ ಅವಳ ಪಾಲಾದವು.

ಕುರ್ಚಿ ಸಿಕ್ಕಿತು, ಗುಬ್ಬಿ ಹೋದಳು. ಗುಬ್ಬಿ ಎಂದರೆ ಮಡಚುವ ಮೇಜಿನ ಹೆಂಗಸು. ಆಳು ಗಿಡ್ಡ, ಬಾಯಿ ಮಾತ್ರ ಒಂದು ಕ್ಷಣ ಸುಮ್ಮನಿರದು, ಅದಕ್ಕೇ ಆ ಹೆಸರು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಎದುರುಬದುರು ನಿಂತು ಚಾದರದ ತುದಿ ಹಿಡಿದು ಮಡಚುತ್ತ ಮದುವೆಯಾದರು, ಮಕ್ಕಳನ್ನು ಹೆತ್ತರು, ತಲೆಗೂದಲು ಬೆಳ್ಳಗಾಗಿಸಿಕೊಂಡರು. ಒಣಗಿಸುವ ಮಿಶಿನ್ನಿನ ಹಿಂದೆ ಬೆಚ್ಚಗಿನ ಜಾಗದಲ್ಲಿ ಬುಟ್ಟಿ ಬೋರಲು ಹಾಕಿ ಕೂತು ಒಂದೇ ಡಬ್ಬಿಯಲ್ಲಿ ಉಂಡವರು. ಮೇಲ್ವಿಚಾರಕಿಯಾದ ಮೇಲೆ ಅಕ್ಕನಿಗೆ ಊಟದ ಹೊತ್ತಿಗೇ ಸಭೆಗಳು ಶುರುವಾದವು. ಗುಬ್ಬಿ ಒಬ್ಬಳೇ ಉಣ್ಣತೊಡಗಿದಳು, ಆಮೇಲಾಮೇಲೆ ಅಕ್ಕನ ಹತ್ತಿರ ಮಾತಾಡುವುದನ್ನೇ ಬಿಟ್ಟಳು. ಕೇಳಿದ್ದಕ್ಕೆ "ಹೂಂ", ಇಲ್ಲವಾದರೆ "ಉಹೂಂ". ಅಕ್ಕ ಇದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಟ್ಟು, ಒಳಗೊಳಗೇ ನೊಂದುಕೊಂಡು, ಹೊರಗೆ ಇನ್ನಷ್ಟು ನೆಟ್ಟಗೆ ನಿಂತಳು.

ಹೀಗಿರುವಾಗ ಪುಸ್ತಕ ಬಂತು. ಮೇಲಿನ ವಾರ್ಡುಗಳಿಂದ ಬರುವ ಮಾಸಿದ ಬಟ್ಟೆಗಳ ಗಂಟಿನಲ್ಲಿ ಏನೇನೋ ಬರುವುದುಂಟು. ಕನ್ನಡಕ, ಹಲ್ಲಿನ ಸೆಟ್ಟು, ಟೀವಿಯ ರಿಮೋಟು, ಒಮ್ಮೆ ಯಾರದೋ ಅರ್ಧ ತಿಂದ ಸೇಬು. ಆ ದಿನ ದಿಂಬಿನ ಚೀಲದೊಳಗಿಂದ ಪುಸ್ತಕವೊಂದು ಬಿತ್ತು. ಮುಖಪುಟದ ಮೇಲೆ ಕೆಮ್ಮಿನ ಔಷಧ ಚೆಲ್ಲಿ, ಬರೆದವರ ಹೆಸರು, ಪುಸ್ತಕದ ಹೆಸರು ಎರಡೂ ಮೊದಲ ಹಾಳೆಗಳೊಂದಿಗೆ ಅಂಟಿ ಹರಿದುಹೋಗಿದ್ದವು. ಹಿಂಬದಿಯಲ್ಲಿ ಒಂದು ಫೋಟೋ ಉಳಿದಿತ್ತು. ಪೊದೆಯಂಥ ಹುಬ್ಬಿನ ಮುದುಕರೊಬ್ಬರು, ನೋಡುವವರ ತಪ್ಪೆಲ್ಲ ತಮಗೆ ಗೊತ್ತು ಎಂಬಂತೆ ನೋಡುತ್ತಿದ್ದರು. ಜೀವನವಿಡೀ ಕಾರ್ಖಾನೆಯಿಂದ ಕಾರ್ಖಾನೆಗೆ ತಿರುಗಿ, ಕೆಲಸ ಮಾಡಿಸುವುದು ಹೇಗೆ ಎಂದು ಯಜಮಾನರಿಗೆ ಪಾಠ ಹೇಳಿದವರಂತೆ. ಪುಸ್ತಕವನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅಕ್ಕ ಅದನ್ನು ಗಾಜಿನ ಕೋಣೆಗೆ ತಂದಳು, ಫೋಟೋದವರಿಗೆ ಹುಬ್ಬಿನ ಮೇಷ್ಟ್ರು ಎಂದು ಹೆಸರಿಟ್ಟು ಓದಲು ಕೂತಳು.

ಶಾಲೆ ಬಿಟ್ಟ ಮೇಲೆ ಅಕ್ಕ ಓದಿದ್ದೆಲ್ಲ ಸೋಪಿನ ಪುಡಿಯ ಚೀಲದ ಮೇಲಿನ ಸೂಚನೆಗಳು. ಅದೂ ಅಲ್ಲದೆ, ಈ ಪುಸ್ತಕ ಯಾವುದೋ ಭಾಷೆಯಿಂದ ಇಳಿಸಿದ್ದು. ಅನುವಾದ ಮಾಡಿದವನಿಗೆ ಬೇಸರ ಬಂದ ಕಡೆಗಳಲ್ಲೆಲ್ಲ ವಾಕ್ಯಗಳು ಅರ್ಧ ಪುಟ ನಡೆದು ಸುಸ್ತಾಗಿ ಕೂತುಬಿಡುತ್ತಿದ್ದವು. ಅಕ್ಕ ಬಿಡಲಿಲ್ಲ. ಮಿಶಿನ್ನು ಒಂದು ಸುತ್ತು ಮುಗಿಸುವಷ್ಟರಲ್ಲಿ ಒಂದು ಪುಟ, ಅರ್ಥವಾಗದಿದ್ದರೆ ಮುಂದಿನ ಸುತ್ತಿಗೆ ಮತ್ತೆ ಅದೇ ಪುಟ. ಪ್ರತಿ ಅಧ್ಯಾಯದ ಕೊನೆಗೆ ಮೇಷ್ಟ್ರು "ಮಾಡಿ ನೋಡಿ" ಎಂದು ಒಂದು ಕೆಲಸ ಹೇಳುತ್ತಿದ್ದರು. ಹೇಳಿದ ಮೇಲೆ ಮಾಡದೆ ಬಿಡುವ ಜಾಯಮಾನ ಅವಳದಲ್ಲ. ಒಂದೇ ಒಂದು ಅಧ್ಯಾಯ ಮಾತ್ರ ಹಾರಿಸಿದಳು. ಅದರ ತಲೆಬರಹ "ತಪ್ಪು ನಡೆದಾಗ" ಎಂದಿತ್ತು. ಇದು ತಪ್ಪು ಮಾಡುವವರಿಗೆ ಬರೆದದ್ದು, ನಮಗೇಕೆ ಎಂದು ಮುಂದೆ ಹೋದಳು.

ಮೊದಲ ಪ್ರಯೋಗ ಮನೆಯಲ್ಲಿ ನಡೆಯಿತು. ಅಕ್ಕನ ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವನು. ಕಲಿಯುವವರ ಪಕ್ಕ ಕೂತು ತನ್ನ ಕಾಲ ಕೆಳಗಿನ ಬ್ರೇಕು ಒತ್ತಿ ಒತ್ತಿ ಅಭ್ಯಾಸವಾಗಿ, ಮನೆಯಲ್ಲಿ ಹೆಂಡತಿ ಜೋರಾಗಿ ಮಾತಾಡಿದರೂ ಅವನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಮೇಷ್ಟ್ರು ಎರಡನೆಯ ಅಧ್ಯಾಯದಲ್ಲಿ "ನಿನ್ನ ಗಿರಾಕಿ ಯಾರು, ಅವನಿಗೆ ಬೇಕಾದ್ದೇನು, ಅವನನ್ನೇ ಕೇಳು" ಎಂದಿದ್ದರು. ಅಕ್ಕ ಚಹಾ ಕೊಟ್ಟು ಗಂಡನನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡಳು.

"ಈ ಮನೇಲಿ ನೀವಿಬ್ರೂ ನನ್ನ ಗಿರಾಕಿಗಳು. ನಿಮಗೆ ಏನು ಬೇಕು, ಮನಸ್ಸು ಬಿಚ್ಚಿ ಹೇಳಿ."

ಗಂಡನ ಕಾಲು ನೆಲ ಒತ್ತಿತು. ಅತ್ತೆಗೆ ಬೇಡದ ಮಾತು ಕೇಳಿಸದು, ಬೇಕಾದ್ದು ಪಕ್ಕದ ಮನೆಯದಾದರೂ ಕೇಳಿಸುತ್ತದೆ. ಇದು ಕೇಳಿಸಿತು.

"ಗಿರಾಕಿ ಅಂದ್ರೆ ಅಂಗಡಿ ಬದಲಾಯಿಸಬಹುದಲ್ಲ" ಎಂದರು. "ನಾನು ಹೋಗಿ ಮಗಳ ಮನೇಲಿ ಒಂದು ತಿಂಗಳು ಇದ್ದು ಬರ್ತೀನಿ. ಅಲ್ಲಿ ಚಹಾ ಬಿಸಿಯಾಗಿರುತ್ತೆ."

"ಹಾಗಲ್ಲ ಅತ್ತೆ, ಇದು ನಿರ್ವಹಣಾ ಶಾಸ್ತ್ರ."

"ಯಾವ ಶಾಸ್ತ್ರನೋ ನಂಗೊತ್ತಿಲ್ಲಮ್ಮ. ನಮ್ಮ ಕಾಲದಲ್ಲಿ ಒಂದೇ ಇದ್ದಿದ್ದು. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು."

ಅಕ್ಕನಿಗೆ ಈ ಗಾದೆ ಬಹಳ ಹಿಡಿಸಿತು. ಮೇಷ್ಟ್ರು ಇದನ್ನು ಒಪ್ಪುತ್ತಾರೋ ಇಲ್ಲವೋ ಎಂದು ಪುಸ್ತಕದಲ್ಲಿ ಹುಡುಕಿದಳು, ಸಿಗಲಿಲ್ಲ. ಒಪ್ಪಿಯೇ ಒಪ್ಪುತ್ತಾರೆ ಎಂದು ತಾನೇ ತೀರ್ಮಾನಿಸಿಕೊಂಡಳು. ಸ್ವಂತ ಓದಿನ ಸುಖವೇ ಇದು, ಗುರುಗಳು ಎದ್ದು ಬಂದು ಕಿವಿ ಹಿಂಡುವ ಹಾಗಿಲ್ಲ.

ಎರಡನೆಯ ಪ್ರಯೋಗ ನೆಲಮಾಳಿಗೆಯಲ್ಲಿ. "ಭಯವಿದ್ದ ಕಡೆ ಸತ್ಯ ಬರುವುದಿಲ್ಲ, ಮೊದಲು ಭಯವನ್ನು ಬಾಗಿಲಾಚೆ ಕಳಿಸು" ಎಂದು ಬರೆದಿತ್ತು. ಅಕ್ಕ ಮರುದಿನವೇ ಎಲ್ಲರನ್ನೂ ಇಸ್ತ್ರಿಯ ರೋಲರಿನ ಮುಂದೆ ಸಾಲಾಗಿ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ನನ್ನ ಕಂಡ್ರೆ ಯಾರಿಗೆ ಭಯ? ಇದ್ದವರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಒಣಗಿಸುವವನು ಚಾವಣಿ ನೋಡಿದ. ಬಟ್ಟೆ ವಿಂಗಡಿಸುವ ಹೆಂಗಸರಿಬ್ಬರು ತಂತಮ್ಮ ಕೈಗವಸು ನೋಡಿಕೊಂಡರು. ಗುಬ್ಬಿ ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಅಕ್ಕ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದು, "ಅತ್ತೆ, ನಮ್ಮಲ್ಲಿ ಭಯ ಅನ್ನೋದೇ ಇಲ್ಲ. ಒಬ್ರೂ ಕೈ ಎತ್ಲಿಲ್ಲ" ಎಂದಳು.

"ಕೈ ಎತ್ತೋಕೂ ಧೈರ್ಯ ಬೇಕಲ್ಲ" ಎಂದರು ಅತ್ತೆ. ಎಂದವರೇ ಟೀವಿಯ ಕಡೆ ತಿರುಗಿದರು. ಅಕ್ಕನಿಗೆ ಆ ಮಾತು ಚಪ್ಪಲಿಯೊಳಗೆ ಸಿಕ್ಕ ಕಲ್ಲಿನಂತೆ ಎರಡು ದಿನ ಚುಚ್ಚಿತು, ಆಮೇಲೆ ಮರೆತುಹೋಯಿತು.

ಮೂರನೆಯ ಪ್ರಯೋಗದ ತನಕ ಹೋಗಲು ಆಡಳಿತಾಧಿಕಾರಿ ಬಿಡಲಿಲ್ಲ, ಮೇಲಿಂದ ಕರೆ ಕಳಿಸಿದರು. ಕೋಣೆಯಲ್ಲಿ ಹಿರಿಯ ನರ್ಸ್ ಆಗಲೇ ಮುಖ ಊದಿಸಿಕೊಂಡು ಕೂತಿದ್ದಳು. ಅವಳ ಮಡಿಲಲ್ಲಿ ಐದಾರು ಗೌನು. ಒಂದಕ್ಕೂ ಲಾಡಿ ನೆಟ್ಟಗಿರಲಿಲ್ಲ. ಕೆಲವಕ್ಕೆ ಒಂದು ಕಡೆ ಮಾತ್ರ, ಕೆಲವಕ್ಕೆ ಬೆರಳಷ್ಟುದ್ದದ ಮೊಂಡು, ಕೆಲವಕ್ಕೆ ಅದೂ ಇಲ್ಲ.

"ನಮ್ಮ ರೋಗಿಗಳು ಒಂದು ಕೈಯಲ್ಲಿ ಸಲೈನ್ ಸ್ಟ್ಯಾಂಡು, ಇನ್ನೊಂದು ಕೈಯಲ್ಲಿ ಬೆನ್ನ ಹಿಂದಿನ ಮಾನ ಹಿಡ್ಕೊಂಡು ಓಡಾಡ್ತಿದ್ದಾರೆ" ಎಂದಳು ನರ್ಸ್. "ಸಾಲದ್ದಕ್ಕೆ ಗೌನು ಬರೋದೂ ತಡ. ಕೆಳಗೆ ಏನು ಮಾಡ್ತೀರೋ ದೇವರಿಗೇ ಗೊತ್ತು."

ಆಡಳಿತಾಧಿಕಾರಿ ಅಕ್ಕನ ಕಡೆ ನೋಡಿದರು. "ಲಾಡಿ ಎಲ್ಲಿ ಹೋಗ್ತಿದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರ ಪೈಕಿಯಲ್ಲ ಅಕ್ಕ. ಅವಳಿಗೆ ಬೇರೆಯವರ ಹೆಗಲು ತಟ್ಟನೆ ಕಂಡಿತು. "ಒಗೆಯೋದ್ರಲ್ಲಿ ತೊಂದ್ರೆ ಇಲ್ಲ ಸಾರ್, ಗಂಟಿನ ನಿಯಮ ಇದೆಯಲ್ಲ. ಮಡಚೋ ಮೇಜಲ್ಲೇ ಏನೋ ಆಗ್ತಿರ್ಬೇಕು. ತಡ ಆಗ್ತಿರೋದೂ ಅಲ್ಲೇ."

"ಆ ಮೇಜಲ್ಲಿ ಯಾರಿರೋದು?"

ಅಲ್ಲಿರುವುದು ಗುಬ್ಬಿ ಎಂದು ಅಕ್ಕನಿಗೆ ಆಗ ಹೊಳೆಯಿತು. ಆದರೆ ಬಾಯಿಂದ ಜಾರಿದ ಮಾತನ್ನು ಯಾವ ಮಿಶಿನ್ನಿನಲ್ಲಿ ಹಾಕಿ ತೊಳೆಯುವುದು? ಹೇಳಿದಳು. ಅವರು ಕಾಗದಗಳನ್ನು ತಿರುವಿ, "ಅವರ ಕರಾರು ಈ ತಿಂಗಳ ಕೊನೆಗೆ ಮುಗಿಯುತ್ತೆ. ವಯಸ್ಸೂ ಆಯ್ತು, ಮುಂದುವರಿಸೋದು ಬೇಡ. ಸೋಮವಾರದ ಸಭೇಲಿ ನೀವು ಒಂದು ಮಾತು ಹೇಳಿಬಿಡಿ, ಮುಗಿಸೋಣ" ಎಂದರು. ಅಕ್ಕ ತಲೆಯಾಡಿಸಿ ಇಳಿದು ಬಂದಳು. ಗುಬ್ಬಿಯ ಗಂಡ ಕೆಲಸ ಬಿಟ್ಟು ಮನೆಯಲ್ಲಿ ಕೂತು ಬಹಳ ದಿನವಾಗಿತ್ತು, ಆ ಮನೆಯ ಒಲೆ ಉರಿಯುತ್ತಿದ್ದುದೇ ಮಡಚುವ ಮೇಜಿನಿಂದ. ಇದು ಅಕ್ಕನಿಗೆ ಗೊತ್ತಿದ್ದಷ್ಟು ಆ ಕಟ್ಟಡದಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ.

ಲಿಫ್ಟಿನವನ ಬಾಯಿಗೆ ಬಿದ್ದ ಸುದ್ದಿ ಲಿಫ್ಟಿಗಿಂತ ಬೇಗ ಇಳಿಯುತ್ತದೆ. ಅಕ್ಕ ಕೆಳಗೆ ಬರುವಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಗುಬ್ಬಿ ತಲೆಯೆತ್ತಲಿಲ್ಲ. ಗೌನಿನ ರಾಶಿಯ ಮೇಲೆ ಬಗ್ಗಿ ಏನನ್ನೋ ಕಿತ್ತು ಕಿತ್ತು ಎಳೆಯುತ್ತಿದ್ದಳು. ಅಕ್ಕ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಏನು ಮಾಡುವುದೆಂದು ತೋಚದೆ ಪುಸ್ತಕ ತೆಗೆದಳು. ಅದು ತಾನಾಗಿ ತೆರೆದುಕೊಂಡಿತು ಎಂದೆಲ್ಲ ನಾನು ಬಣ್ಣ ಕಟ್ಟುವುದಿಲ್ಲ. ಅವಳೇ ಹುಡುಕಿ, ಹಾರಿಸಿದ್ದ ಅಧ್ಯಾಯಕ್ಕೆ ಹೋದಳು.

ಮೇಷ್ಟ್ರು ಅಲ್ಲಿ ಬಹಳ ಬರೆದಿರಲಿಲ್ಲ. ತಪ್ಪು ಕಂಡ ಕೂಡಲೇ ಆಳನ್ನು ಹುಡುಕುವುದು ಸುಲಭ, ಆಳು ಕಣ್ಣಿಗೆ ಕಾಣುತ್ತಾನೆ. ಏರ್ಪಾಡು ಕಾಣುವುದಿಲ್ಲ. ಆದ್ದರಿಂದ ನಿನ್ನ ಕೆಲಸ ಎಲ್ಲಿ ಕೊನೆಯಾಗುತ್ತದೋ ಅಲ್ಲಿಗೆ ಹೋಗಿ ಸುಮ್ಮನೆ ನಿಲ್ಲು, ಬಾಯಿ ಮುಚ್ಚಿಕೊಂಡು ನೋಡು. ಇಷ್ಟೇ. ಅಕ್ಕನಿಗೆ ಎಲ್ಲಕ್ಕಿಂತ ಕಷ್ಟವೆನಿಸಿದ್ದು ಬಾಯಿ ಮುಚ್ಚುವ ಭಾಗ.

ಮರುದಿನ ಬೆಳಗ್ಗೆ ಗೌನಿನ ಟ್ರಾಲಿಯ ಹಿಂದೆಯೇ ಮೇಲಿನ ವಾರ್ಡಿಗೆ ಹೋದಳು. ಇಷ್ಟು ವರ್ಷ ಈ ಕಟ್ಟಡದ ಚಾದರಗಳನ್ನೆಲ್ಲ ಒಗೆದವಳು ಅವನ್ನು ಹಾಸುವ ಕೋಣೆಗೆ ಕಾಲಿಟ್ಟಿರಲಿಲ್ಲ. ಕಿಟಕಿಯಿಂದ ಬಿಸಿಲು ಬರುತ್ತಿತ್ತು, ಚಾದರಗಳು ತಾನು ಅಂದುಕೊಂಡದ್ದಕ್ಕಿಂತ ಬೆಳ್ಳಗೆ ಕಂಡವು. ಮೂಲೆಯ ಹಾಸಿಗೆಯ ಅಜ್ಜರೊಬ್ಬರಿಗೆ ಗೌನು ಬದಲಿಸಬೇಕಿತ್ತು. ಎಳೆಯ ನರ್ಸೊಬ್ಬಳು ಅವರನ್ನು ಎಬ್ಬಿಸಿ ನಿಲ್ಲಿಸಿ, ಹೊಸ ಗೌನು ಕೊಡವಿದಳು. ಲಾಡಿಯಲ್ಲಿ ಗಂಟು. ಬೆರಳಲ್ಲಿ ಎಳೆದಳು, ಬರಲಿಲ್ಲ. ಹಲ್ಲು ಹಾಕಲು ಹೋಗಿ, ಆಸ್ಪತ್ರೆಯೆಂದು ನೆನಪಾಗಿ ಬಿಟ್ಟಳು. ಹತ್ತಿಯ ಲಾಡಿ ನೀರಲ್ಲಿ ನೆನೆದು, ಬಿಸಿಗಾಳಿಗೆ ಕುಗ್ಗಿ ಬ್ರಹ್ಮಗಂಟಾಗಿತ್ತು.

"ಬೇಗ ಆಗ್ಲಿ ತಾಯಿ" ಎಂದರು ಅಜ್ಜ. "ಹಿಂದಿನಿಂದ ಗಾಳಿ ಬರ್ತಿದೆ. ಕಿಟಕಿಯಾಚೆಯವರಿಗೆ ನಾನು ಬಿಟ್ಟಿ ಸಿನಿಮಾ ತೋರಿಸ್ತಿದ್ದೀನಿ."

ನರ್ಸ್ ಜೇಬಿನಿಂದ ಕತ್ತರಿ ತೆಗೆದು ಕಚಕ್ಕೆಂದು ಗಂಟನ್ನು ಕತ್ತರಿಸಿ ಕಸದ ಡಬ್ಬಕ್ಕೆ ಎಸೆದಳು. ಅವಳ ಕೈಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಕಣ್ಣು ಬೇರೆಲ್ಲೋ ಇತ್ತು. ಡಬ್ಬದಲ್ಲಿ ಅಂಥವೇ ಬಿಳಿ ಗಂಟುಗಳು ಇನ್ನೂ ಬಿದ್ದಿದ್ದವು. ಅಕ್ಕ ಡಬ್ಬದ ಮೇಲೆ ಬಗ್ಗಿ ನೋಡಿದಳು.

"ಯಾವಾಗ್ಲೂ ಹೀಗೇ ಮಾಡ್ತೀರಾ?" ಎಂದು ಕೇಳಿದಳು.

"ಇನ್ನೇನು ಮಾಡೋದು ಅಕ್ಕ? ಕೆಲವಕ್ಕೆ ಮಾತ್ರ ಗಂಟಿರುತ್ತೆ. ಜಾಸ್ತಿ ಬಿಚ್ಚೇ ಬರುತ್ತೆ. ಕೆಳಗೆ ಯಾರೋ ಪುಣ್ಯಾತ್ಗಿತ್ತಿ ಕೂತು ಬಿಚ್ಚಿ ಕಳಿಸ್ತಾರೆ ಅಂತ ಕಾಣ್ಸುತ್ತೆ."

ಅಕ್ಕ ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲಿಳಿದು ಬಂದಳು. ಇಳಿಯುತ್ತಿದ್ದಂತೆ ಒಂದೊಂದಾಗಿ ಹೊಂದಿಕೊಂಡಿತು. ಗಂಟು ಹಾಕಿಸಿದವಳು ತಾನು. ಬಿಚ್ಚುವವರು ಯಾರು ಎಂದು ಯೋಚಿಸಿದವರೇ ಇಲ್ಲ. ಬಟ್ಟೆ ಕೊನೆಗೆ ಸೇರುವುದು ಮಡಚುವ ಮೇಜಿಗೆ, ಆದ್ದರಿಂದ ಅದು ಗುಬ್ಬಿಯ ತಲೆಗೆ ಬಂತು. ಬಿಚ್ಚುತ್ತ ಕೂತರೆ ತಡ, ಬಿಚ್ಚದೆ ಕಳಿಸಿದರೆ ಮೇಲೆ ಕತ್ತರಿ. ಎರಡಕ್ಕೂ ಹೊಣೆ ಅವಳೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿತ್ತು. ಇನ್ನೊಂದು ವಿಷಯ ನೆನಪಾದಾಗ ಅಕ್ಕ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು. ಕುರ್ಚಿ ಸಿಕ್ಕ ಹೊಸದರಲ್ಲಿ ಗುಬ್ಬಿ ಗಾಜಿನ ಕೋಣೆಗೆ ಬಂದು, "ಗಂಟು ಬಿಚ್ಚೋಕಾಗ್ತಿಲ್ಲ ಕಣೇ, ಬೆರಳೆಲ್ಲ ಹೋಯ್ತು" ಎಂದಿದ್ದಳು. ಫೋಟೋದ ಗುಂಗು ಇನ್ನೂ ಇಳಿಯದಿದ್ದ ಅಕ್ಕ, "ಉಗುರು ಬೆಳೆಸ್ಕೋ" ಎಂದು ನಕ್ಕಿದ್ದಳು. ಗುಬ್ಬಿಯ ಮಾತು ನಿಂತದ್ದು ಆವತ್ತಿನಿಂದ. ಹೊಟ್ಟೆಕಿಚ್ಚು ಎಂದು ತಾನು ಇಟ್ಟ ಹೆಸರು ನೆನೆದು ಅಕ್ಕನಿಗೆ ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು.

ಸೋಮವಾರಕ್ಕೆ ಇನ್ನೂ ಸಮಯವಿತ್ತು. ಇಂಥ ಸಮಯವೇ ಮನುಷ್ಯನನ್ನು ಕೆಡಿಸುವುದು. ನಾಚಿಕೆ ಆರಿದ ಮೇಲೆ ಅಕ್ಕನ ತಲೆ ಬೇರೆ ದಾರಿ ಹುಡುಕತೊಡಗಿತು. ಸುಮ್ಮನೆ ನಿಯಮ ಬದಲಿಸಿಬಿಟ್ಟರೆ? ಆದರೆ ಏಕೆ ಬದಲಿಸಿದೆ ಎಂದು ಕೇಳುತ್ತಾರೆ. ಕೇಳಿದರೆ ಫೋಟೋ ಹೋಗುತ್ತದೆ, ಫೋಟೋದ ಹಿಂದೆಯೇ ಕುರ್ಚಿಯೂ ಹೋದೀತು. ಗುಬ್ಬಿಗೆ ಹೊರಗೆಲ್ಲಾದರೂ ಕೆಲಸ ಹುಡುಕಿಕೊಟ್ಟರೆ? ಈ ವಯಸ್ಸಿನಲ್ಲಿ ಯಾರು ಕೊಡುತ್ತಾರೆ? ಸಂಜೆ ಅಕ್ಕಿ ಆರಿಸುತ್ತ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನ ಕಾಲು ಒಂದು ಸಲವೂ ನೆಲ ಒತ್ತಲಿಲ್ಲ.

"ನಮ್ಮಲ್ಲಿ ಕಲಿಯೋರು ಗಾಡಿ ಗೋಡೆಗೆ ಗುದ್ದಿದ್ರೆ ಮೊದಲು ಏನಂತಾರೆ ಗೊತ್ತಾ?" ಎಂದ. "ಗೋಡೆ ಅಡ್ಡ ಬಂತು ಅಂತಾರೆ. ನಾನು ಬೈಯಲ್ಲ. ರಿವರ್ಸ್ ಹಾಕು ಅಂತೀನಿ, ಅಷ್ಟೇ."

"ಹಾಕಿದ್ರೆ ಕುರ್ಚಿ ಹೋಗುತ್ತೆ ರೀ."

"ಹೋದ್ರೆ ಹೋಗ್ಲಿ ಬಿಡು. ಕೂತು ಕೂತು ನಿನಗೂ ಸೊಂಟ ನೋವು ಬಂದಿದೆ."

ಸೋಮವಾರದ ಸಭೆಯಲ್ಲಿ ಆಡಳಿತಾಧಿಕಾರಿ, ಹಿರಿಯ ನರ್ಸ್, ಔಷಧ ಉಗ್ರಾಣದವರು, ಅಡುಗೆಮನೆಯವರು, ಎಲ್ಲ ಇದ್ದರು. ಲಾಡಿಯ ವಿಷಯ ಬಂದಾಗ ಅಕ್ಕ ಎದ್ದು ನಿಂತಳು. ಮೇಷ್ಟ್ರು ಹೇಳಿಕೊಟ್ಟ ಮಾತುಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ಏರ್ಪಾಡು, ವ್ಯವಸ್ಥೆ, ಪ್ರಕ್ರಿಯೆ ಎಂದೆಲ್ಲ. ಒಂದೂ ನಾಲಿಗೆಗೆ ಬರಲಿಲ್ಲ.

"ಲಾಡಿ ಕತ್ತರಿಸ್ತಿರೋದು ವಾರ್ಡಲ್ಲಿ" ಎಂದಳು.

ಹಿರಿಯ ನರ್ಸ್ ಕೆರಳಿದಳು. "ಅಂದ್ರೆ ನಮ್ಮ ಹುಡುಗೀರು..."

"ಅವರದ್ದೂ ತಪ್ಪಿಲ್ಲ. ಗಂಟು ಬಿಚ್ಚೋಕೆ ಬರಲ್ಲ, ರೋಗಿ ಬೆನ್ನು ಬಿಟ್ಕೊಂಡು ನಿಂತಿರ್ತಾರೆ, ಕತ್ತರಿಸ್ತಾರೆ. ಮಡಚೋ ಮೇಜಲ್ಲಿ ಬಿಚ್ಚಿ ಬಿಚ್ಚಿ ಬೆರಳು ಸವೀತಾ ಇದೆ, ಅದಕ್ಕೇ ತಡ. ಗಂಟು ಹಾಕ್ಸಿದ್ದು ನಾನು. ಆ ನಿಯಮನೇ ತಪ್ಪು. ಮೇಜಿನವಳನ್ನ ತೆಗೆಯೋದು ಬೇಡ ಸಾರ್, ತೆಗೆಯೋದಿದ್ರೆ ನನ್ನನ್ನ ತೆಗೀರಿ."

ಆಡಳಿತಾಧಿಕಾರಿ ಒಳ್ಳೆಯ ಮನುಷ್ಯ, ಒಳ್ಳೆಯ ಮನುಷ್ಯರು ಕೊಡುವ ಸಲಹೆಗಳೇ ಅಪಾಯ. ಮೆಲ್ಲಗೆ ಹೇಳಿದರು, "ಇಷ್ಟೊಂದು ಮೈಮೇಲೆ ಎಳ್ಕೋಬೇಡಿ. ಈ ನಿಯಮ ಚೆನ್ನಾಗಿದೆ ಅಂತ ನಾವೇ ಬೇರೆ ಆಸ್ಪತ್ರೆಗಳಿಗೂ ಹೇಳಿದ್ದೀವಿ. ಲಾಡಿ ಬಟ್ಟೆನೇ ಕಳಪೆ ಅಂತ ಬರೆಯೋಣ. ಯಾರಿಗೂ ನೋವಾಗಲ್ಲ."

ಅಕ್ಕನಿಗೆ ಒಂದು ಗಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಹೂಂ ಎಂದರೆ ಸಾಕು, ಗುಬ್ಬಿಯೂ ಉಳಿದಳು, ಫೋಟೋವೂ ಉಳಿಯಿತು. ಆದರೆ ಗಂಟೂ ಉಳಿಯುತ್ತದಲ್ಲ. ನಾಳೆ ಬೆಳಗ್ಗೆ ಅದೇ ಮೇಜು, ಅದೇ ರಾಶಿ, ಅದೇ ಬೆರಳು.

"ಬಟ್ಟೆ ಚೆನ್ನಾಗೇ ಇದೆ ಸಾರ್. ಗಂಟು ಬೇಡ" ಎಂದಳು.

"ಮತ್ತೆ ಲಾಡಿ ಎಲ್ಲ ಸುತ್ತಿಕೊಳ್ತಿತ್ತಲ್ಲ, ಅದಕ್ಕೇನು ಮಾಡ್ತೀರಿ?"

"ಗೊತ್ತಿಲ್ಲ. ಕೆಳಗಿನವರನ್ನ ಕೇಳ್ತೀನಿ."

ಗೊತ್ತಿಲ್ಲ ಎಂಬ ಪದ ಗಂಜಿ ಅಕ್ಕನ ಬಾಯಿಂದ ಬಂದದ್ದನ್ನು ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ಹಿರಿಯ ನರ್ಸ್ ಮೊದಲು ನಕ್ಕಳು, ಕೆಟ್ಟದಾಗಿ ಅಲ್ಲ. ಆಡಳಿತಾಧಿಕಾರಿ ಪೆನ್ನು ಮುಚ್ಚಿಟ್ಟು, ಮೇಜಿನವಳ ಕರಾರು ಮುಂದುವರಿಯಲಿ, ಗಂಟು ಇವತ್ತಿಗೇ ನಿಲ್ಲಲಿ, ಆ ಫೋಟೋ ಮಾತ್ರ ತೆಗೆಯಬೇಕಾಗುತ್ತೆ ಎಂದರು. ಕುರ್ಚಿಯ ಮಾತನ್ನು ಯಾರೂ ಎತ್ತಲಿಲ್ಲ. ಬಹುಶಃ ಆ ಕುರ್ಚಿಯನ್ನು ಬೇರೆ ಯಾರೂ ಕೇಳಿರಲಿಲ್ಲ.

ಅಕ್ಕ ಮೆಟ್ಟಿಲಿಳಿದ ರೀತಿ ನೋಡಬೇಕಿತ್ತು, ಯುದ್ಧ ಗೆದ್ದ ಸೇನಾಪತಿಯೂ ಅಷ್ಟು ಎದೆಯುಬ್ಬಿಸುವುದಿಲ್ಲ. ಮೇಷ್ಟ್ರ ಪರೀಕ್ಷೆಯಲ್ಲಿ ಪಾಸಾಗಿದ್ದಳು. ಸುದ್ದಿ ಎಂದಿನಂತೆ ಅವಳಿಗಿಂತ ಮೊದಲೇ ಇಳಿದಿತ್ತು. ಒಣಗಿಸುವವನು ಕೈಮುಗಿದ, ವಿಂಗಡಿಸುವ ಹೆಂಗಸರು ನಕ್ಕರು. ಅಕ್ಕ ನೇರ ಮಡಚುವ ಮೇಜಿಗೆ ಹೋಗಿ ನಿಂತಳು. ಗುಬ್ಬಿ ಎದ್ದು ಬಂದು ತಬ್ಬಿಕೊಳ್ಳುತ್ತಾಳೆ, ಅತ್ತೂ ಬಿಡುತ್ತಾಳೆ, ತಾನು "ಹೋಗ್ಲಿ ಬಿಡೇ" ಎನ್ನಬೇಕು ಎಂದು ಮೆಟ್ಟಿಲ ಮೇಲೆಯೇ ಲೆಕ್ಕ ಹಾಕಿಕೊಂಡಿದ್ದಳು.

ಗುಬ್ಬಿ ಚಾದರದ ಅಂಚು ಸವರುತ್ತಲೇ ಇದ್ದಳು.

"ಕೇಳಿದ್ಯಾ?" ಎಂದಳು ಅಕ್ಕ. "ನಿನ್ನ ಕೆಲಸ ಉಳೀತು."

"ಕೇಳಿದೆ."

"ಎಲ್ರ ಮುಂದೆ ನಾನೇ ಹೇಳಿದೆ, ತಪ್ಪು ನಂದು ಅಂತ. ಔಷಧ ಉಗ್ರಾಣದವರು, ಅಡುಗೆಮನೆಯವರು, ಎಲ್ರೂ ಇದ್ರು."

"ಹೂಂ" ಎಂದಳು ಗುಬ್ಬಿ. ಚಾದರ ಕೆಳಗಿಟ್ಟಳು. "ಅಡುಗೆಮನೆಯವರಿಗೂ ಹೇಳಿದ್ಯಲ್ಲ. ಲಿಫ್ಟಿನವನಿಗೂ ಗೊತ್ತಾಯ್ತು. ನನ್ನೊಬ್ಳನ್ನ ಬಿಟ್ಟು ಎಲ್ರಿಗೂ ಹೇಳಿದೀಯ."

ಮೇಜಿನ ಮೇಲೆ ಗುಬ್ಬಿಯ ಕೈಗಳಿದ್ದವು. ಹೆಬ್ಬೆರಳು, ತೋರುಬೆರಳುಗಳ ತುದಿ ಬಿರಿದು, ಉಗುರುಗಳು ಮಾಂಸದ ತನಕ ಸವೆದಿದ್ದವು. ಎಷ್ಟೋ ತಿಂಗಳಿಂದ ಆ ಕೈಗಳು ಗಾಜಿನಾಚೆಗೇ ಇದ್ದವು, ಅಕ್ಕ ನೋಡಿರಲಿಲ್ಲ. ಈಗ ನೋಡಿದಳು. ಇಂಥ ಹೊತ್ತಿಗೆ ಏನನ್ನಬೇಕೆಂದು ಮೇಷ್ಟ್ರು ಯಾವ ಅಧ್ಯಾಯದಲ್ಲೂ ಬರೆದಿರಲಿಲ್ಲ.

"ತಪ್ಪಾಯ್ತು ಕಣೇ" ಎಂದಳು ಮೆಲ್ಲಗೆ.

"ಏನು?"

"ತಪ್ಪಾಯ್ತು ಅಂದೆ."

ಗುಬ್ಬಿ ಕಿವಿಗೆ ಕೈ ಹಿಡಿದಳು. "ಮಿಶಿನ್ ಸದ್ದು. ಕೇಳಿಸ್ಲಿಲ್ಲ. ಜೋರಾಗಿ ಹೇಳು."

ಗಂಜಿ ಅಕ್ಕ ಉಸಿರೆಳೆದುಕೊಂಡು ಒಂದೇ ಸಲಕ್ಕೆ ಕೂಗಿದಳು. ಅದೇ ಗಳಿಗೆಯಲ್ಲಿ ದೊಡ್ಡ ಮಿಶಿನ್ನು ತನ್ನ ಸುತ್ತು ಮುಗಿಸಿ ನಿಂತುಬಿಟ್ಟಿತು. "ತಪ್ಪಾಯ್ತು ಕಣೇ, ನಿನ್ನ ಮಾತು ಕೇಳ್ಬೇಕಿತ್ತು ನಾನು" ಎಂಬುದು ನೆಲಮಾಳಿಗೆಯ ಈ ಗೋಡೆಯಿಂದ ಆ ಗೋಡೆಯ ತನಕ ಕೇಳಿಸಿತು. ಒಣಗಿಸುವವನ ಕೈಯಿಂದ ಬುಟ್ಟಿ ಜಾರಿತು. ಯಾರೂ ನಗಲಿಲ್ಲ.

ಗುಬ್ಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿದಷ್ಟೂ ಕಣ್ಣೀರು ಬರುತ್ತಲೇ ಇತ್ತು. ಕೊನೆಗೆ ರಾಶಿಯಿಂದ ಒಂದು ಚಾದರ ಎಳೆದು, ಎರಡು ತುದಿಯನ್ನು ಅಕ್ಕನ ಕೈಗೆ ತುರುಕಿದಳು.

"ನಿಂತಿದೀಯಲ್ಲ, ಹಿಡ್ಕೋ. ತಡ ಆಗ್ತಿದೆ" ಎಂದಳು. ಅಕ್ಕ ಹಿಡಿದಳು. "ಈ ಲಾಡಿಗೆ ನಾನು ಆವತ್ತೇ ಇನ್ನೊಂದು ಉಪಾಯ ಹೇಳೋಳಿದ್ದೆ, ನೀನು ಬಿಡ್ಲಿಲ್ಲ" ಎಂದು ಶುರುಮಾಡಿದ ಗುಬ್ಬಿ, ರಾಶಿ ಮುಗಿಯುವ ತನಕ ಬಾಯಿ ಮುಚ್ಚಲಿಲ್ಲ.